ಫೆರಾರಿ 458 ಇಟಾಲಿಯಾ: ಆಯಿಲ್ ನೋಡುವುದು ಇಂಜಿನ್ ಓಡುತ್ತಿರುವಾಗ

ಬೇರೆ ಕಾರುಗಳಲ್ಲಿ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಆಯಿಲ್ ನೋಡುತ್ತೇವೆ. 458ರಲ್ಲಿ ಹಾಗೆ ನೋಡಿದರೆ ಮಟ್ಟ ತೀರಾ ಕಡಿಮೆ ಕಾಣಬಹುದು. ಗಾಬರಿಯಾಗಿ ಒಂದು ಲೀಟರ್ ಸುರಿದಿರೋ, ಕೆಲಸ ಕೆಟ್ಟಿತು. ಇದು ಡ್ರೈ ಸಂಪ್ ಇಂಜಿನ್. ಕೆಳಗೆ ಇಳಿದ ಆಯಿಲನ್ನು ಪಂಪ್ ಹೀರಿ ಬೇರೆಯದೇ ಟ್ಯಾಂಕಿಗೆ ತುಂಬಿಸುತ್ತದೆ. ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ಬೇರಿಂಗ್ ಒಣಗಬಾರದು, ಇಂಜಿನನ್ನೂ ತಗ್ಗಿನಲ್ಲಿ ಕೂರಿಸಬೇಕು, ಅದಕ್ಕೇ ಈ ಏರ್ಪಾಡು. ಕಾರು ನಿಂತೇ ಇದ್ದರೆ ಟ್ಯಾಂಕಿನ ಆಯಿಲ್ ನಿಧಾನವಾಗಿ ಇಂಜಿನ್ನಿಗೆ ಇಳಿದುಬಿಡುತ್ತದೆ.

ನಾನು ಮಾಡುವುದು ಹೀಗೆ. ಇಪ್ಪತ್ತು ನಿಮಿಷ ರಸ್ತೆಯಲ್ಲಿ ಓಡಿಸಿ ಆಯಿಲನ್ನು ಪೂರ್ತಿ ಬಿಸಿ ಮಾಡುತ್ತೇನೆ. ಮಟ್ಟಸ ಜಾಗದಲ್ಲಿ ನಿಲ್ಲಿಸಿ, ಎರಡು ನಿಮಿಷ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) ಬಿಟ್ಟು, ಇಂಜಿನ್ ಆಫ್ ಮಾಡದೆಯೇ ಟ್ಯಾಂಕಿನ ಅಳತೆ ಕಡ್ಡಿ ತೆಗೆದು ಒರೆಸಿ, ಮತ್ತೆ ಇಳಿಸಿ ನೋಡುತ್ತೇನೆ. ಎರಡು ಗುರುತುಗಳ ನಡುವೆ ಇದ್ದರೆ ಸಾಕು, ಮೇಲಿನ ಗೆರೆ ಮುಟ್ಟಿಸುವ ಹಟ ಬೇಡ. ಕಡಿಮೆಯಿದ್ದರೆ 5ಡಬ್ಲ್ಯೂ-40 ಆಯಿಲ್, ಒಮ್ಮೆಗೆ 250 ಮಿಲಿ ಮಾತ್ರ. ಸ್ವಲ್ಪ ಕಾದು ಮತ್ತೆ ನೋಡಬೇಕು. ಹೆಚ್ಚಾದ ಆಯಿಲ್ ನೊರೆಯೆದ್ದು, ಒಳಗಿನ ಆವಿಯನ್ನು ಹೊರಬಿಡುವ ಬ್ರೀದರ್ ಪೈಪಿನಿಂದ ಇಂಜಿನ್ ಗಾಳಿ ಎಳೆಯುವ ದಾರಿಗೆ ನುಗ್ಗಿ ಸುಡುತ್ತದೆ, ಹಿಂದೆ ನೀಲಿ ಹೊಗೆ ಬರುತ್ತದೆ. ಡೈರೆಕ್ಟ್ ಇಂಜೆಕ್ಷನ್, ಅಂದರೆ ಪೆಟ್ರೋಲ್ ನೇರ ಸಿಲಿಂಡರಿಗೇ ಬೀಳುವುದರಿಂದ, ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವಿನ ಹಿಂಬದಿಯನ್ನು ಪೆಟ್ರೋಲ್ ತೊಳೆಯುವುದಿಲ್ಲ. ಅಲ್ಲಿ ಆಯಿಲ್ ಕೂತರೆ ಮಸಿ ಗಟ್ಟಿಯಾಗುತ್ತದೆ.

ಇಷ್ಟೊಂದು ಎಚ್ಚರ ಯಾಕೆ ಅಂದರೆ, ಈ ವಿ8 9000 ಆರ್‌ಪಿಎಂವರೆಗೆ ತಿರುಗುತ್ತದೆ. ಸ್ಟ್ರೋಕ್, ಅಂದರೆ ಪಿಸ್ಟನ್ ಒಂದು ಸಲ ಸರಿಯುವ ದೂರ, 81 ಮಿ.ಮೀ. ಲೆಕ್ಕ ಹಾಕಿ: ಅಷ್ಟು ವೇಗದಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 24.3 ಮೀಟರ್, ಪ್ರತಿ ಸಿಲಿಂಡರಿನಲ್ಲೂ ಸೆಕೆಂಡಿಗೆ 75 ಸಲ ಬೆಂಕಿ. ನಾಲ್ಕೂವರೆ ಲೀಟರಿನಲ್ಲಿ, ಟರ್ಬೊ ಇಲ್ಲದೆ, 570 ಅಶ್ವಶಕ್ತಿ! ನೀರಿನ ಬಿಸಿ ತೋರಿಸುವ ಮುಳ್ಳು ಬೇಗ ಏರುತ್ತದೆ, ಆಯಿಲಿನದು ತಡ. ಆಯಿಲ್ 80 ಡಿಗ್ರಿ ತಲುಪುವವರೆಗೆ ನಾನು 4000 ದಾಟಿಸುವುದಿಲ್ಲ.

ಹೊಸದಾಗಿ ಓಡಿಸುವವರಿಗೆ ಸೀಟಿಗೆ ಬರುವ ಸಣ್ಣ ನಡುಕ ಕಂಡು ಇಂಜಿನ್ ಮೌಂಟ್ (ಇಂಜಿನ್ ಕೂರಿಸಿದ ಆಧಾರ) ಹೋಗಿದೆ ಅನಿಸುತ್ತದೆ. ಪಿಸ್ಟನ್ನುಗಳು ತಿರುಗಿಸುವ ದಂಡವೇ ಕ್ರ್ಯಾಂಕ್; ಅದರ ಪಿನ್ನುಗಳೆಲ್ಲ ಒಂದೇ ಸಮತಲದಲ್ಲಿರುವ ಫ್ಲಾಟ್ ಪ್ಲೇನ್ ಕ್ರ್ಯಾಂಕಿನ ಗುಣವೇ ಈ ನಡುಕ. ಸಮತೋಲನಕ್ಕೆ ಭಾರದ ಕೌಂಟರ್‌ವೇಟ್ ಬೇಕಿಲ್ಲದ್ದರಿಂದ ಕ್ರ್ಯಾಂಕ್ ಹಗುರ, ಕಾಲಿಟ್ಟ ಕೂಡಲೇ ಆರ್‌ಪಿಎಂ ಏರುತ್ತದೆ. ಬದಲಿಗೆ ನಡುಕ ಉಳಿಯುತ್ತದೆ. ಐಡಲ್‌ನಲ್ಲೇ ಎಡವುತ್ತಿದ್ದರೆ ಅದು ಬೇರೆ ಮಾತು, ಇಗ್ನಿಷನ್ ಕಾಯಿಲ್ ಮತ್ತು ಸ್ಪಾರ್ಕ್ ಪ್ಲಗ್ ನೋಡಿ.

ಚಕ್ರ ಬಿಚ್ಚುವಾಗ ಒಂದು ಜಾಗ್ರತೆ. ಬ್ರೇಕ್ ಡಿಸ್ಕ್ ಕಾರ್ಬನ್ ಸೆರಾಮಿಕ್, ಮುಂದಿನದು 398 ಮಿ.ಮೀ. ಚಕ್ರ ಜಾರಿ ಅಂಚಿಗೆ ಬಡಿದರೆ ಚೂರು ಹಾರುತ್ತದೆ, ಆ ಡಿಸ್ಕಿನ ಬೆಲೆ ಕೇಳಲೇಬಾರದು. ಮೇಲಿನ ಬೋಲ್ಟ್ ಮೊದಲು ತೆಗೆದು ಆ ತೂತಿಗೆ ಉದ್ದನೆಯ ಗೈಡ್ ಪಿನ್ ತಿರುಗಿಸಿ, ಆಮೇಲೆ ಉಳಿದವು. ಚಕ್ರ ಪಿನ್ನಿನ ಮೇಲೆ ನೇರ ಹೊರಗೆ ಜಾರುತ್ತದೆ. ಹಾಕುವಾಗಲೂ ಅದೇ ಪಿನ್ನಿನ ಮೇಲೆ ಏರಿಸಿ, ಪಿನ್ನನ್ನು ಕೊನೆಗೆ ತೆಗೆಯಿರಿ.