ಹಸಿ ಕಸ ಬಿಸಾಡುವ ಮುಂಚೆ ಒಂದು ವಾರ ಇದನ್ನು ಮಾಡಿ ನೋಡಿ

ಎಲ್ಲರಿಗೂ ನಮಸ್ಕಾರ. ಅಡುಗೆಮನೆ ಕಸ ಹೇಗಿದ್ದರೂ ಮಣ್ಣಲ್ಲಿ ಕೊಳೆಯುತ್ತೆ, ಅದರಲ್ಲೇನು ತೊಂದರೆ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಕಸದ ಗುಡ್ಡದ ಅಡಿಯಲ್ಲಿ ಗಾಳಿಯೇ ಆಡುವುದಿಲ್ಲ. ಹಾಗೆ ಕೊಳೆತ ಆಹಾರದಿಂದ ಮೀಥೇನ್ ಅನ್ನುವ ಅನಿಲ ಹುಟ್ಟುತ್ತೆ. 100 ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತೆ. ಕೊಳೆತ ರಸ ಅಂತರ್ಜಲಕ್ಕೆ ಇಳಿಯುವ ಭಯ ಬೇರೆ.

ಒಂದು ವಾರ ಬಿಸಾಡುವುದನ್ನೆಲ್ಲ ತೂಕ ಮಾಡಿ ಬರೆದಿಡಿ. ಸಿಪ್ಪೆ, ಬೀಜ ಒಂದು ಕಡೆ. ತಿನ್ನುವಂಥದ್ದಾಗಿದ್ದು ಹಾಳಾದದ್ದು ಇನ್ನೊಂದು ಕಡೆ. ನಮ್ಮ ಮನೆಯಲ್ಲಿ ಎರಡನೆಯದೇ ಜಾಸ್ತಿ ಬಂತು, ನಿಜಕ್ಕೂ ನಾಚಿಕೆಯಾಯ್ತು! ಬಹುಪಾಲು ಫ್ರಿಜ್ಜಿನ ಹಿಂಬದಿಯಲ್ಲಿ ಮರೆತುಹೋದದ್ದೇ. ಈಗ ಬೇಗ ಮುಗಿಸಬೇಕಾದದ್ದೆಲ್ಲ ಎದುರಿಗೇ ಕಾಣುವ ಒಂದು ಡಬ್ಬಿಯಲ್ಲಿ. ಅದು ಖಾಲಿಯಾಗುವವರೆಗೆ ಹೊಸ ತರಕಾರಿ ಹೆಚ್ಚುವಂತಿಲ್ಲ.

ಸಿಪ್ಪೆಗೆ ಕಾಂಪೋಸ್ಟ್ ಇದೆ, ಅಂದರೆ ಕೊಳೆಸಿ ಗೊಬ್ಬರ ಮಾಡುವುದು; ತೂತು ಕೊರೆದ ಬಕೆಟ್ ಸಾಕು. ಒಂದು ಪಾಲು ಹಸಿ ಕಸಕ್ಕೆ ಎರಡು-ಮೂರು ಪಾಲು ಒಣ ಎಲೆ ಅಥವಾ ಹರಿದ ರಟ್ಟು. ಗಬ್ಬು ವಾಸನೆ ಬಂತೆಂದರೆ ಒದ್ದೆ ಹೆಚ್ಚಾಗಿದೆ ಅಂತಲೇ ಲೆಕ್ಕ. ಇನ್ನಷ್ಟು ಒಣ ಎಲೆ ಸುರಿದು ಕೆದಕಿ. ಮಾಂಸ, ಎಣ್ಣೆ ಪದಾರ್ಥ ಮಾತ್ರ ಹಾಕಬೇಡಿ, ಇಲಿ ಬರುತ್ತೆ.