ವಿದೇಶದ ಅನಾಥಾಶ್ರಮಕ್ಕೆ ಸೇವೆಗೆ ಹೊರಟಿದ್ದೀರಾ? ಟಿಕೆಟ್ ಮಾಡಿಸುವ ಮುಂಚೆ ಇದನ್ನು ಓದಿ

ಕೆಲವು ವರ್ಷಗಳ ಹಿಂದಿನ ದಸರಾ ರಜೆ. ದಾವಣಗೆರೆಯ ನಮ್ಮ ಚರ್ಚಿನಿಂದ ಹನ್ನೆರಡು ಜನ ಕಠ್ಮಂಡುವಿನ ಒಂದು ಅನಾಥಾಶ್ರಮಕ್ಕೆ ಸೇವೆಗೆಂದು ಹೋಗಿದ್ದೆವು. ಎರಡು ಚೀಲದ ತುಂಬ ಬಣ್ಣದ ಪೆನ್ಸಿಲ್, ಸ್ವೆಟರ್, ಜೊತೆಗೆ ನಮ್ಮೂರ ಮಂಡಕ್ಕಿ. ಐದು ದಿನ ಇದ್ದೆವು. ಹಾಡಿದೆವು, ಆಟ ಆಡಿಸಿದೆವು, ಗೋಡೆಗೆ ಬಣ್ಣ ಬಳಿದೆವು. ನಾಲ್ಕೈದು ವರ್ಷದ ಒಂದು ಹುಡುಗಿ ಮೊದಲ ದಿನ ನನ್ನ ಕಿರುಬೆರಳು ಹಿಡಿದವಳು ಮತ್ತೆ ಬಿಡಲೇ ಇಲ್ಲ. ಊಟಕ್ಕೂ ನನ್ನ ಪಕ್ಕದಲ್ಲೇ ಕೂರಬೇಕು. ಸಂಜೆ ನಾವು ರೂಮಿಗೆ ಹೊರಟಾಗ 'ಭೋಲಿ?' ಅನ್ನುತ್ತಿದ್ದಳು. ಭೋಲಿ ಅಂದರೆ ನೇಪಾಳಿಯಲ್ಲಿ ನಾಳೆ. ನಾನೂ 'ಭೋಲಿ' ಅಂತ ತಲೆ ಆಡಿಸುತ್ತಿದ್ದೆ. ಕೊನೆಯ ಸಂಜೆಯೂ ಕೇಳಿದಳು. ಅವತ್ತೂ ತಲೆ ಆಡಿಸಿ ಬಂದುಬಿಟ್ಟೆ.

ಅಲ್ಲೇ ಹನ್ನೆರಡು ಹದಿಮೂರು ವರ್ಷದ ಹುಡುಗನೊಬ್ಬ ಚೆನ್ನಾಗಿ ಹಿಂದಿ ಮಾತಾಡುತ್ತಿದ್ದ. ನಮ್ಮ ದಸರಾ ಹೊತ್ತಿಗೇ ಅವರಿಗೆ ದಶೈಂ ಹಬ್ಬ. ಎಲ್ಲೇ ಇದ್ದರೂ ಊರಿಗೆ ಹೋಗಿ ಹಿರಿಯರ ಕೈಯಿಂದ ಹಣೆಗೆ ಟೀಕಾ ಇಡಿಸಿಕೊಳ್ಳುತ್ತಾರೆ. 'ಹಬ್ಬದ ದಿನ ಇಲ್ಲಿ ಬೇಜಾರಾಗಲ್ವಾ?' ಅಂತ ಕೇಳಿದೆ. 'ಅಮ್ಮ ಊರಲ್ಲಿದ್ದಾಳೆ. ಈ ಸಲ ಅತಿಥಿಗಳು ಬರ್ತಾರೆ, ಹೋಗಬೇಡ ಅಂದ್ರು' ಅಂದ. ಆ ಅತಿಥಿಗಳು ನಾವೇ.

ಆಮೇಲೆ ಈ ವಿಷಯವನ್ನು ತುಂಬಾ ಓದಿದೆ, ತಿಳಿದವರನ್ನು ಕೇಳಿದೆ. ಇಂಥ ಪ್ರವಾಸಕ್ಕೆ ಹೊರಟವರು ಈಗಲೂ ನನ್ನ ಹತ್ತಿರ ಬಂದು ವಿಚಾರಿಸುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಚರ್ಚಿನವರಿಗಷ್ಟೇ ಅಲ್ಲ, ಮಠ, ಭಜನಾ ಮಂಡಳಿ, ಜಮಾತಿನಿಂದ ಹೊರಡುವವರಿಗೂ ಇದು ಅನ್ವಯಿಸುತ್ತದೆ.

ಮೊದಲು ತಿಳಿಯಬೇಕಾದ್ದು: ಅವರೆಲ್ಲ ಅನಾಥರಾ?

ಪ್ರಪಂಚದ ಅನಾಥಾಶ್ರಮಗಳಲ್ಲಿರುವ ಹತ್ತು ಮಕ್ಕಳಲ್ಲಿ ಎಂಟು ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿದ್ದಾರೆ. ಇದು ಮಕ್ಕಳಿಗಾಗಿ ದುಡಿಯುವ ಅಂತಾರಾಷ್ಟ್ರೀಯ ಸಂಸ್ಥೆಗಳ ಅಂದಾಜು. ಹಾಗಾದರೆ ಆ ಮಕ್ಕಳು ಅಲ್ಲಿಗೆ ಬಂದದ್ದು ಹೇಗೆ?

ನೇಪಾಳವನ್ನೇ ನೋಡಿ. 1996ರಿಂದ 2006ರವರೆಗೆ ಅಲ್ಲಿ ಮಾವೋವಾದಿಗಳ ಯುದ್ಧ ನಡೆಯಿತು. ಹುಮ್ಲಾದಂಥ ಗುಡ್ಡಗಾಡು ಜಿಲ್ಲೆಗಳಿಗೆ ದಲ್ಲಾಳಿಗಳು ಬಂದರು. 'ಮಗನನ್ನು ಕಠ್ಮಂಡುವಿನಲ್ಲಿ ಓದಿಸುತ್ತೇವೆ' ಅಂತ ಹೇಳಿ ತಂದೆತಾಯಿಯಿಂದಲೇ ದುಡ್ಡು ತೆಗೆದುಕೊಂಡು ಮಕ್ಕಳನ್ನು ಕರೆತಂದರು. ಆಮೇಲೆ ಅಪ್ಪ ಅಮ್ಮ ಸತ್ತಿದ್ದಾರೆ ಎಂದು ಸುಳ್ಳು ಕಾಗದ ಮಾಡಿಸಿದರು. ನೇಪಾಳದ ಹೆಚ್ಚಿನ ಮಕ್ಕಳ ಮನೆಗಳು ಇರುವುದು ಕಠ್ಮಂಡು, ಲಲಿತಪುರ, ಭಕ್ತಪುರ, ಪೋಖರಾ ಇರುವ ಕಾಸ್ಕಿ, ಚಿತವನ ಎಂಬ ಐದು ಜಿಲ್ಲೆಗಳಲ್ಲಿ. ಬಡತನ ಜಾಸ್ತಿ ಇರುವ ಜಿಲ್ಲೆಗಳಲ್ಲ ಇವು, ಪ್ರವಾಸಿಗರು ಜಾಸ್ತಿ ಬರುವ ಜಿಲ್ಲೆಗಳು. ಕಾಂಬೋಡಿಯಾದಲ್ಲೂ ಹೀಗೇ ಆಯಿತು. ಪ್ರವಾಸಿಗರು ಹೆಚ್ಚಿದ ಹಾಗೆ ಆಶ್ರಮಗಳೂ ಹೆಚ್ಚಿದವು.

ನಮ್ಮ ಕಡೆ ಹಳ್ಳಿಯ ಎಷ್ಟೋ ಮಕ್ಕಳು ಮಠದ ಹಾಸ್ಟೆಲುಗಳಲ್ಲಿ ಓದುತ್ತಾರೆ ಅಲ್ವಾ? ಭಾನುವಾರ ಅಪ್ಪ ಅಮ್ಮ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡು ಬರುತ್ತಾರೆ. ಹಬ್ಬಕ್ಕೆ ಹಾಸ್ಟೆಲು ಖಾಲಿ. ಒಂದು ದಿನ ಎಲ್ಲಿಂದಲೋ ಹನ್ನೆರಡು ಜನ ಪರದೇಶದವರು ಬಂದು, ಆ ಮಕ್ಕಳನ್ನು 'ಅನಾಥರು' ಅಂತ ಕರೆದು, ಎತ್ತಿಕೊಂಡು ಫೋಟೊ ತೆಗೆಸಿಕೊಂಡರೆ ಆ ತಾಯಿಗೆ ಹೇಗನಿಸುತ್ತದೆ? ಕಠ್ಮಂಡುವಿನಲ್ಲಿ ನಾವು ಮಾಡಿದ್ದು ಅದನ್ನೇ.

ಪ್ರಪಂಚ ಈಗ ಇದನ್ನು ಗಂಭೀರವಾಗಿ ನೋಡುತ್ತಿದೆ. ಆಸ್ಟ್ರೇಲಿಯಾ 2018ರಲ್ಲಿ, ಆಧುನಿಕ ಗುಲಾಮಗಿರಿ ಕಾಯ್ದೆ ತಂದಾಗ, ಅನಾಥಾಶ್ರಮಕ್ಕೆ ಮಕ್ಕಳನ್ನು ಸಾಗಿಸುವುದೂ ಗುಲಾಮಗಿರಿಯ ಒಂದು ರೂಪ ಎಂದು ಒಪ್ಪಿತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ, ಅನಾಥಾಶ್ರಮ ಪ್ರವಾಸದಿಂದ ಮಕ್ಕಳಿಗೆ ಆಗುವ ಕೇಡನ್ನು ತಡೆಯಿರಿ ಎಂದು ಎಲ್ಲ ದೇಶಗಳಿಗೂ ಹೇಳಿತು.

ಆಶ್ರಮಕ್ಕೆ ಕೇಳಬೇಕಾದ ಪ್ರಶ್ನೆಗಳು

ಟಿಕೆಟ್‌ಗೆ ಮುಂಚೆಯೇ ಇವನ್ನು ಬರಹದಲ್ಲಿ ಕೇಳಿ. ಫೋನಿನಲ್ಲಿ ಕೇಳಿದರೆ ಎಲ್ಲರೂ ಚೆನ್ನಾಗಿಯೇ ಮಾತಾಡುತ್ತಾರೆ.

ನಿಮ್ಮ ನೋಂದಣಿ ಯಾವ ಸರ್ಕಾರಿ ಕಚೇರಿಯಲ್ಲಿದೆ, ನವೀಕರಣ ಆಗಿದೆಯಾ? ನಿಮ್ಮಲ್ಲಿರುವ ಎಷ್ಟು ಮಕ್ಕಳಿಗೆ ತಂದೆತಾಯಿ ಇದ್ದಾರೆ? ಅವರು ಎಷ್ಟು ದಿನಕ್ಕೊಮ್ಮೆ ಬಂದು ನೋಡುತ್ತಾರೆ? ಕಳೆದ ವರ್ಷ ಎಷ್ಟು ಮಕ್ಕಳನ್ನು ಮನೆಗೆ ಸೇರಿಸಿದಿರಿ? ಕೊನೆಯ ಪ್ರಶ್ನೆಯೇ ಮುಖ್ಯ. ಒಳ್ಳೆಯ ಸಂಸ್ಥೆಗೆ ಈ ಲೆಕ್ಕ ಬಾಯಲ್ಲೇ ಇರುತ್ತದೆ, ಯಾಕೆಂದರೆ ಅವರ ದಿನನಿತ್ಯದ ಕೆಲಸವೇ ಅದು. 'ನಮ್ಮಲ್ಲಿಗೆ ಬಂದ ಮಗು ದೊಡ್ಡದಾಗುವ ತನಕ ನಮ್ಮದೇ' ಎಂಬ ಉತ್ತರ ಬಂದರೆ ಹುಷಾರಾಗಿ.

ಅವರು ನಿಮ್ಮನ್ನು ಏನು ಕೇಳುತ್ತಾರೆ ಅನ್ನುವುದನ್ನೂ ಗಮನಿಸಿ. ನಮ್ಮನ್ನು ಏನೂ ಕೇಳಿರಲಿಲ್ಲ. ಹೆಸರು, ಎಷ್ಟು ಜನ, ಎಷ್ಟು ಕಾಣಿಕೆ ಕೊಡುತ್ತೀರಿ, ಅಷ್ಟೇ. ಅವರು ಎಷ್ಟು ಒಳ್ಳೆಯವರು ಅಂದುಕೊಂಡೆವು. ಗುರುತು ಪರಿಚಯ ಇಲ್ಲದ ಹನ್ನೆರಡು ಜನರನ್ನು ಮಕ್ಕಳ ಕೋಣೆಗೆ ಸುಮ್ನೆ ಬಿಟ್ಟವರು ಯಾರನ್ನು ಬೇಕಾದರೂ ಬಿಡುತ್ತಾರೆ. ಪೊಲೀಸ್ ಪರಿಶೀಲನೆಯ ಪತ್ರ ಕೇಳುವ, ಮಕ್ಕಳ ರಕ್ಷಣೆಯ ನಿಯಮಕ್ಕೆ ಸಹಿ ಹಾಕಿಸುವ, ಮಕ್ಕಳ ಜೊತೆ ಒಬ್ಬರೇ ಇರಬೇಡಿ ಎನ್ನುವ ಜಾಗವನ್ನು ನಂಬಬಹುದು. ನಮ್ಮಲ್ಲಿ ಆ ಪತ್ರಕ್ಕೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬಹುದು.

ಖರ್ಚಿನ ಲೆಕ್ಕ ಒಮ್ಮೆ ಹಾಕಿ

ನಮಗೆ ತಲೆಗೆ 35,000 ರೂಪಾಯಿ ಆಗಿತ್ತು. ಹನ್ನೆರಡು ಜನಕ್ಕೆ 4,20,000. ನಮ್ಮ ದೇಶದಲ್ಲಿ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ, ಮಗು ಆಶ್ರಮಕ್ಕೆ ಹೋಗದೆ ಮನೆಯಲ್ಲೇ ಬೆಳೆಯಲಿ ಎಂದು, ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ಕೊಡುತ್ತಾರೆ. ಆ ಲೆಕ್ಕದಲ್ಲಿ ನಮ್ಮ ಪ್ರವಾಸದ ದುಡ್ಡು ಎಂಟು ಮಕ್ಕಳನ್ನು ಒಂದು ವರ್ಷಕ್ಕಿಂತ ಜಾಸ್ತಿ ದಿನ ತಾಯಿಯ ಹತ್ತಿರವೇ ಇರಿಸುತ್ತಿತ್ತು. ಇದು ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ.

ಹಾಗಾಗಿ ಮಕ್ಕಳನ್ನು ಮನೆ ಸೇರಿಸುವ ಸಂಸ್ಥೆ ಹುಡುಕಿ, ಆ ಕೆಲಸಕ್ಕೇ ಕಾಣಿಕೆ ಕಳಿಸಿ. ಪರದೇಶಕ್ಕೆ ದುಡ್ಡು ಕಳಿಸುವಾಗ ಬ್ಯಾಂಕಿನ ಮೂಲಕವೇ ಹೋಗಲಿ. ಸಂಘ, ಟ್ರಸ್ಟ್ ಹೆಸರಿನಲ್ಲಿ ಕಳಿಸುವುದಾದರೆ ಮೊದಲು ನಿಮ್ಮ ಆಡಿಟರನ್ನು ಕೇಳಿ.

ಹೋಗಲೇಬೇಕು ಅಂದರೆ, ಯಾರು ಹೋಗಬೇಕು?

ರೊಮೇನಿಯಾದ ಬುಖಾರೆಸ್ಟ್‌ನಲ್ಲಿ 2000ದಲ್ಲಿ ಒಂದು ಅಧ್ಯಯನ ಶುರುವಾಯಿತು. ಆಶ್ರಮದಲ್ಲಿದ್ದ 136 ಪುಟ್ಟ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಿಗೆ ಕೊಟ್ಟು, ಎಲ್ಲರೂ ಬೆಳೆಯುವುದನ್ನು ವರ್ಷಗಟ್ಟಲೆ ನೋಡಿದರು. ಕುಟುಂಬಕ್ಕೆ ಹೋದವರು, ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಹೋದವರು, ಬುದ್ಧಿಯಲ್ಲೂ ಮನಸ್ಸಿನ ನೆಮ್ಮದಿಯಲ್ಲೂ ಮುಂದಿದ್ದರು. ಮಗುವಿಗೆ ದಿನಾ ಅದೇ ಮುಖ ಬೇಕು, ಅದೇ ಕೈ ಬೇಕು. ವಾರಕ್ಕೊಂದು ಹೊಸ ಮುಖ ಬಂದು ಮುದ್ದಾಡಿ ಹೋದರೆ, ಆ ಮಗು ಪ್ರತಿ ಸಲ ಯಾರನ್ನೋ ಕಳೆದುಕೊಳ್ಳುತ್ತದೆ.

ಆದ್ದರಿಂದ ನಿಮ್ಮ ಸೇವೆ ಅಲ್ಲಿನ ಆಯಾಗಳಿಗೆ, ಅಡುಗೆಯವರಿಗೆ, ಕಚೇರಿಯವರಿಗೆ ಸಿಗಲಿ. ನಿಮ್ಮ ಗುಂಪಿನಲ್ಲಿ ನರ್ಸ್ ಇದ್ದರೆ ಆಯಾಗಳಿಗೆ ಪ್ರಥಮ ಚಿಕಿತ್ಸೆ ಕಲಿಸಲಿ. ಲೆಕ್ಕ ಬರೆಯುವವರು ಲೆಕ್ಕದ ಪುಸ್ತಕ ಸರಿ ಮಾಡಿಕೊಡಲಿ. ಹೊಲಿಗೆ ಬಲ್ಲವರು ಊರಿನ ತಾಯಂದಿರಿಗೆ ಹೊಲಿಗೆ ಹೇಳಿಕೊಡಲಿ, ಅವರ ಮಕ್ಕಳು ಅವರ ಹತ್ತಿರವೇ ಉಳಿಯುತ್ತವೆ. ಹನ್ನೆರಡು ಜನ ಬೇಡ, ಇಬ್ಬರು ಮೂವರು ಸಾಕು. ಹಬ್ಬದ ದಿನಗಳಲ್ಲಂತೂ ಬೇಡವೇ ಬೇಡ.

ಕಾಗದಪತ್ರ

ನೇಪಾಳಕ್ಕೆ ನಮಗೆ ವೀಸಾ ಬೇಡ. ವಿಮಾನದಲ್ಲಿ ಹೋದರೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ಆಧಾರ್ ಒಂದನ್ನೇ ನಂಬಿ ಹೊರಡಬೇಡಿ. ಬೇರೆ ದೇಶವಾದರೆ ಪ್ರವಾಸಿ ವೀಸಾದಲ್ಲಿ ಸೇವಾ ಕೆಲಸ ಮಾಡಬಹುದಾ ಎಂದು ಆ ದೇಶದ ರಾಯಭಾರ ಕಚೇರಿಗೆ ಬರೆದು ಕೇಳಿ.

ನಂಬಿಕೆಯ ವಿಷಯ

ನಮ್ಮ ಗುಂಪು ಗೊತ್ತಿಲ್ಲದೆ ದೊಡ್ಡ ತಪ್ಪು ಮಾಡುವುದರಲ್ಲಿತ್ತು. ಮಕ್ಕಳಿಗೆ ಹಂಚಲು ಧರ್ಮದ ಪುಸ್ತಕಗಳನ್ನು ಕಟ್ಟಿಕೊಂಡಿದ್ದೆವು. ಹಿರಿಯರೊಬ್ಬರು ತಡೆದರು. ನೇಪಾಳದ 2015ರ ಸಂವಿಧಾನದ 26ನೇ ವಿಧಿ ಇನ್ನೊಬ್ಬರನ್ನು ಮತಾಂತರ ಮಾಡಬಾರದು ಎನ್ನುತ್ತದೆ. 2018ರಲ್ಲಿ ಜಾರಿಗೆ ಬಂದ ಅಪರಾಧ ಸಂಹಿತೆಯಲ್ಲಿ ಇದಕ್ಕೆ ಐದು ವರ್ಷದವರೆಗೆ ಜೈಲು, ದಂಡ ಇದೆ. ಹೊರದೇಶದವರಾದರೆ ಶಿಕ್ಷೆ ಮುಗಿದ ಮೇಲೆ ದೇಶದಿಂದಲೇ ಹೊರಗೆ ಕಳಿಸುತ್ತಾರೆ.

ಕಾನೂನು ಪಕ್ಕಕ್ಕಿರಲಿ. ಊಟ, ಹಾಸಿಗೆ, ಫೀಸು ಎಲ್ಲಕ್ಕೂ ಬೇರೆಯವರ ಕೈ ನೋಡುವ ಮಗು 'ಪ್ರಾರ್ಥನೆ ಮಾಡು' ಅಂದರೆ ಇಲ್ಲ ಅನ್ನುತ್ತದಾ? ಆ ಮಗುವಿಗೆ ಅದರ ಮನೆಯ ದೇವರಿದೆ, ಮನೆಯ ಹಬ್ಬವಿದೆ. ನಿಮ್ಮ ಪ್ರಾರ್ಥನೆ, ಪೂಜೆ, ನಮಾಜು ನಿಮ್ಮ ರೂಮಿನಲ್ಲಿ ಮಾಡಿ.

ಅಲ್ಲಿದ್ದಾಗ

ಮಕ್ಕಳ ಮುಖ ಕಾಣುವ ಫೋಟೊ ತೆಗೆಯಬೇಡಿ, ವಾಟ್ಸ್‌ಆ್ಯಪ್ ಸ್ಟೇಟಸ್‌ಗೂ ಹಾಕಬೇಡಿ. ನಮ್ಮಲ್ಲೂ 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಪಾಲನೆಯಲ್ಲಿರುವ ಮಗುವಿನ ಗುರುತು ಹೊರಗೆ ಹಾಕುವಂತಿಲ್ಲ. ಉಡುಗೊರೆಯನ್ನು ಮಕ್ಕಳ ಕೈಗೆ ಕೊಡದೆ ಆಶ್ರಮದವರಿಗೆ ಕೊಡಿ, ಅವರು ಹಂಚಲಿ. ಮಕ್ಕಳಿಂದ ಸ್ವಾಗತ ಹಾಡು, ನೃತ್ಯ ಬೇಡ ಎಂದು ಮೊದಲೇ ಹೇಳಿ. ನಮಗಾಗಿ ಆ ಮಕ್ಕಳು ಮೂರು ದಿನ ಶಾಲೆ ಬಿಟ್ಟು ನೃತ್ಯ ಕಲಿತಿದ್ದರು ಎಂದು ಆಮೇಲೆ ತಿಳಿಯಿತು.

ಮಗು ತಾನಾಗಿ ಬಂದು ಕೈ ಹಿಡಿದರೆ ಕೊಡವಿ ಹಾಕಬೇಡಿ. ಹತ್ತಿರದಲ್ಲಿರುವ ಆಯಾಳನ್ನು ಕರೆಯಿರಿ, ಮೂವರೂ ಸೇರಿ ಆಡಿ. ಮಗುವಿನ ಇನ್ನೊಂದು ಕೈ ಆಯಾಳ ಕೈಯಲ್ಲಿರಲಿ. ಹೊರಡುವ ದಿನ ಯಾವುದು ಅಂತ ಮೊದಲ ದಿನವೇ ಹೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಿ. ಮತ್ತೆ ಬರುತ್ತೇನೆ ಅಂತ ಸುಳ್ಳು ಹೇಳಬೇಡಿ. ನೇಪಾಳಿಯಲ್ಲಿ ಒಂದು ಮಾತು ಕಲಿತುಕೊಂಡು ಹೋಗಿ: 'ಭೋಲಿ ಆಉಂದಿನ'. ನಾಳೆ ನಾನು ಬರೋದಿಲ್ಲ ಅಂತ ಅರ್ಥ.