ಉಪ್ಪುಗಾಳಿಯ ಮನೆಗೆ ಪತ್ತನಾಜೆಯೊಳಗಿನ ಕೆಲಸ

ನನ್ನ ತವರು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ. ಅಲ್ಲಿ ಮಳೆಗಾಲವೆಂದರೆ ಅಂಗಳಕ್ಕೆ ಪಾಚಿ, ಬಟ್ಟೆಗೆ ಬೂಸ್ಟು. ಮದುವೆಯಾಗಿ ಕುಂಬಳೆಗೆ, ಕಡಲಿಗೆ ಅರ್ಧ ಕಿಲೋಮೀಟರ್ ದೂರದ ಈ ಮನೆಗೆ ಬಂದ ಮೇಲೆ ಗೊತ್ತಾಯಿತು, ಇಲ್ಲಿ ಮಳೆ ಬಿಟ್ಟ ಮೇಲೂ ಕಬ್ಬಿಣ ಕರಗುತ್ತಲೇ ಇರುತ್ತದೆ. ಅತ್ತೆ ಅಂದಿದ್ದರು, "ಉಪ್ಪಿನ ಭರಣಿಯ ಮುಚ್ಚಳ ತೆಗೆದಿಟ್ಟು ನೋಡು ಮಗಳೇ, ಕಿಟಕಿಯ ಸರಳಿಗೂ ಅದೇ ಆಗುವುದು." ಗಾಳಿಯ ತೇವಾಂಶ ಶೇಕಡಾ 75 ದಾಟಿತೆಂದರೆ ಉಪ್ಪು ಗಾಳಿಯಿಂದಲೇ ನೀರೆಳೆದುಕೊಳ್ಳುತ್ತದೆ. ಸರಳಿನ ಮೇಲೆ ಕೂತ ಕಡಲ ಉಪ್ಪೂ ಹಾಗೆಯೇ. ಕಣ್ಣಿಗೆ ಒಣಗಿದಂತೆ ಕಂಡರೂ ಒಳಗೊಳಗೇ ಅದು ಒದ್ದೆ.

ಹಾಗಾಗಿ ಬಣ್ಣಕ್ಕಿಂತ ಮೊದಲು ಬೇಕಾದದ್ದು ಸಿಹಿನೀರು. ಅಕ್ಟೋಬರ್-ನವೆಂಬರಿನ ತುಲಾ ಮಳೆ ನಿಂತ ಮೇಲೆ ಮೇ ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ ಗ್ರಿಲ್ಲು, ಗೇಟು, ಬಿಜಾಗರಿಗಳನ್ನು ಬಾವಿನೀರಿನಲ್ಲಿ ತೊಳೆದು ಹಳೆ ಮುಂಡಿನಿಂದ ಒರೆಸುತ್ತೇನೆ. ಬಾವಿಯ ನೀರು ಉಪ್ಪಾಗಿದ್ದರೆ ಅದು ಬೇಡ. ಮಳೆ ಬೀಳುವ ಜಾಗಕ್ಕಿಂತ ಬೀಳದ ಜಾಗವೇ ಬೇಗ ಹಾಳಾಗುತ್ತದೆ ಎಂಬುದನ್ನು ಮರೆಯಬೇಡಿ. ಬಯಲಲ್ಲಿರುವ ಗೇಟನ್ನು ಜಡಿಮಳೆಯೇ ತೊಳೆದುಬಿಡುತ್ತದೆ. ಸಜ್ಜಾದ ಅಡಿಯ ಗ್ರಿಲ್ಲಿಗೆ ಉಪ್ಪು ಮಾತ್ರ ತಲುಪುತ್ತದೆ, ನೀರು ತಲುಪುವುದಿಲ್ಲ.

ನಮ್ಮ ಪಡುವಣ ಕಿಟಕಿಯಲ್ಲೇ ನಾನು ಇದನ್ನು ಕಲಿತದ್ದು. ಬಂದ ಮೊದಲ ವರ್ಷ ತುಕ್ಕಿನ ಮೇಲೆಯೇ ಎನಾಮೆಲ್ ಬಳಿಸಿದೆವು. ಆಟಿ ತಿಂಗಳ ಮಳೆಯಲ್ಲಿ ನೋಡಿದರೆ, ಅಡ್ಡಪಟ್ಟಿಗೆ ಸರಳು ಬೆಸೆದಲ್ಲೆಲ್ಲ ಬಣ್ಣ ಹಪ್ಪಳದ ಹಾಗೆ ಉಬ್ಬಿತ್ತು. ಬೆರಳಲ್ಲಿ ಒತ್ತಿದಾಗ ಒಡೆದು ಕಂದು ನೀರು ಮೊಣಕೈವರೆಗೆ ಇಳಿಯಿತು. ಒಳಗೆ ಕಬ್ಬಿಣ ಪದರು ಪದರಾಗಿತ್ತು. ಈಗ ಈ ಕೆಲಸ ಜನವರಿಯಲ್ಲಿ, ಬಿಸಿಲೇರಿದ ಮೇಲೆ. ತಂತಿಬ್ರಷ್ಷು, ಸ್ಯಾಂಡ್‌ಪೇಪರ್ ಹಾಕಿ ಬೆಳ್ಳಗಿನ ಕಬ್ಬಿಣ ಕಾಣುವವರೆಗೆ ಉಜ್ಜಬೇಕು. ಆಮೇಲೆ ಸಿಹಿನೀರಲ್ಲಿ ತೊಳೆದು ಪೂರ್ತಿ ಒಣಗಿಸಿ, ಅದೇ ದಿನ ಪ್ರೈಮರ್. ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆಗೆ ಹೊಸ ತುಕ್ಕು. ಪ್ರೈಮರ್ ಒಣಗಿದ ಮೇಲೆ ಎರಡು ಕೈ ಬಣ್ಣ. ಬೆಸುಗೆಯ ಮೂಲೆಗಳಿಗೆ ಸಣ್ಣ ಬ್ರಷ್ಷಲ್ಲಿ ಇನ್ನೊಂದು ಕೈ ಹೆಚ್ಚಿಗೆ. ಕೆಲಸದವರು ಅವಸರಿಸಿದರೂ ಉಜ್ಜುವುದನ್ನು ಮಾತ್ರ ನಾನು ಪಕ್ಕದಲ್ಲಿ ನಿಂತು ಮಾಡಿಸುತ್ತೇನೆ.

ಮಾಡಿನ ಕೆಲಸಕ್ಕೆ ಗಡು ಪತ್ತನಾಜೆ, ಅಂದರೆ ಮೇ 24ರ ಆಸುಪಾಸು. ಆಮೇಲೆ ಮಳೆ ಯಾವಾಗ ಬೇಕಾದರೂ ಬರಬಹುದು, ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಸುರಿಯುವ ಜಿಲ್ಲೆ ನಮ್ಮದು. ಒಡೆದ ಹಂಚು ಬದಲಿಸಿ, ಮಾಡಿನ ನೀರು ಹರಿಯುವ ದಂಬೆಯ ತರಗೆಲೆ ತೆಗೆಯಿರಿ, ಹಂಚು ಹೊತ್ತ ಪಕ್ಕಾಸಿನ ಮರದ ತುದಿ ಮೆತ್ತಗಾಗಿದೆಯೇ ಎಂದು ಮೊಳೆ ಚುಚ್ಚಿ ನೋಡಿ. ಪಂಚಾಂಗಕ್ಕೆ, ಅಂದರೆ ಗೋಡೆಯ ಬುಡದ ಅಡಿಪಾಯಕ್ಕೆ, ತಾಗಿ ಮಣ್ಣು ಗುಡ್ಡೆಯಾಗಿದ್ದರೆ ಎಳೆದುಬಿಡಿ, ಮುರಕಲ್ಲು ಆ ಮಣ್ಣಿನ ನೀರನ್ನು ಮೇಲಕ್ಕೆ ಹೀರುತ್ತದೆ. ಹೀಗೆ ಥಂಡಿ ಹಿಡಿದ ಗೋಡೆಗೆ ಸಿಮೆಂಟ್ ಮೆತ್ತಿ ಮುಚ್ಚುವುದನ್ನು ನಾನು ಒಪ್ಪುವುದಿಲ್ಲ. ನೀರು ಹೊರಬರಲು ದಾರಿಯಿಲ್ಲದೆ ಇನ್ನೂ ಮೇಲೇರುತ್ತದೆ. ಸುಣ್ಣದ ಗಾರೆಯಾದರೆ ಗೋಡೆ ಉಸಿರಾಡುತ್ತದೆ.

ಸಜ್ಜಾದ ಅಡಿಯಲ್ಲಿ ಉದ್ದುದ್ದ ಬಿರುಕು ಕಂಡರೆ ತಡ ಮಾಡಬೇಡಿ. ತುಕ್ಕಿಗೆ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಕು, ಒಳಗಿನ ಕಂಬಿ ಉಬ್ಬಿ ಕಾಂಕ್ರೀಟನ್ನು ಸೀಳುತ್ತಿದೆ ಎಂದರ್ಥ. ಮೇಲಿಂದ ಗಾರೆ ಸಾರಿಸಿದರೆ ಆಗದು, ಸಡಿಲಾದದ್ದನ್ನು ಕೆಡವಿ ಕಂಬಿಯನ್ನೇ ಶುಚಿ ಮಾಡಿಸಬೇಕು. ಅದರ ಅಡಿಯಲ್ಲಿ ಮಕ್ಕಳನ್ನು ಆಡಲು ಬಿಡಬೇಡಿ.

ಮನೆಯೊಳಗೆ ನನ್ನ ಮುಖ್ಯ ಚಿಂತೆ ಬಟ್ಟೆಯದು. ಮದುವೆಯ ಪಟ್ಟೆಸೀರೆಯ ಜರಿ ಕಪ್ಪಾದದ್ದು ಕಪಾಟನ್ನು ಹೊರಗೋಡೆಗೆ ಒತ್ತಿ ಇಟ್ಟದ್ದರಿಂದ. ಈಗ ಅದು ಒಳಗೋಡೆಯ ಪಕ್ಕ, ನಾಲ್ಕು ಇಂಚು ಬಿಟ್ಟು, ಕಾಲಡಿಗೆ ಮರದ ತುಂಡು ಕೊಟ್ಟು ನಿಂತಿದೆ. ಕರ್ಪೂರ, ಬೇವಿನೆಲೆ ಹುಳಕ್ಕಾದೀತು, ತೇವಕ್ಕಲ್ಲ. ತೇವಕ್ಕೆ ಸಿಲಿಕಾ ಜೆಲ್ ಇಡುತ್ತೇನೆ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹರಡಿದರೆ ಆ ನೀರೆಲ್ಲ ಗೋಡೆಗೇ ಹೋಗುತ್ತದೆ, ಆದ್ದರಿಂದ ನಮ್ಮಲ್ಲಿ ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ. ಮಳೆ ಹೊಳವಾದ ಕೂಡಲೇ ಎದುರುಬದುರು ಕಿಟಕಿ ತೆರೆಯುತ್ತೇನೆ, ಅರ್ಧ ಗಂಟೆಯಾದರೂ ಸರಿ. ಗ್ಯಾಸ್ ಸಿಲಿಂಡರನ್ನು ನೆಲಕ್ಕೆ ತಾಗಿಸದೆ ಸ್ಟ್ಯಾಂಡಿನ ಮೇಲಿಡಿ.

ಕರೆಂಟಿನ ವಿಷಯದಲ್ಲಿ ಸಲಿಗೆ ಬೇಡ. ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು ಆರ್‌ಸಿಸಿಬಿ. ಅದರ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಸ್ವಿಚ್ಚು ಕೂಡಲೇ ಬೀಳದಿದ್ದರೆ ಅಂದೇ ವಯರಿಂಗಿನವರನ್ನು ಕರೆಯಿರಿ. ಅರ್ತಿಂಗಿನ ತಂತಿ ನೆಲದ ಹೊಂಡದಲ್ಲಿ ಸೇರುವ ಕಡೆ ಹಸಿರು ಕಿಲುಬು ಕಟ್ಟಿದೆಯೇ ಎಂದು ಮಳೆಗೆ ಮೊದಲೇ ಅವರಿಂದ ನೋಡಿಸಿ.

ಹಿತ್ತಾಳೆಯ ದೀಪಕ್ಕೆ ನಮ್ಮ ಹಿತ್ತಿಲ ಬಿಂಬುಳಿಯೇ ಸಾಕು. ಆದರೆ ಅದರ ಹುಳಿ ಕೆತ್ತನೆಯ ಸಂದಿಯಲ್ಲಿ ಉಳಿದರೆ ಎರಡೇ ದಿನಕ್ಕೆ ಮತ್ತೆ ಹಸಿರು. ತೊಳೆದು, ಒರೆಸಿ, ಒಲೆಯ ಹತ್ತಿರ ಬೆಚ್ಚಗಾಗುವಷ್ಟು ಹೊತ್ತು ಇಟ್ಟೇ ದೇವರ ಕೋಣೆಗೆ ಒಯ್ಯಿರಿ.